ಅಡಿಕೆ ಸುಲಿಯುವ ಯಂತ್ರವನ್ನು ನಾವು ಮೊದಲು ಯಾರಿಗೆ ಕೊಟ್ಟೆವು

ದಾವಣಗೆರೆಯ ಲೋಕಿಕೆರೆ ರಸ್ತೆಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಎರಡು ವೆಲ್ಡಿಂಗ್ ಸೆಟ್, ಒಂದು ಡ್ರಿಲ್ಲಿಂಗ್ ಮಷೀನ್, ಹರಿಹರದಲ್ಲೇ ತಯಾರಾದ ಹಳೇ ಕಿರ್ಲೋಸ್ಕರ್ ಲೇತ್, ಆರು ಜನ ಕೆಲಸಗಾರರು. ಮೊದಲೆಲ್ಲ ಟ್ರೇಲರ್, ಕಿಟಕಿ ಗ್ರಿಲ್, ಮೆಕ್ಕೆಜೋಳ ಒಕ್ಕುವ ಮಷೀನ್ ರಿಪೇರಿ ಮಾಡಿಕೊಂಡಿದ್ದೆವು. ಈಗ ನಮ್ಮ ಮುಖ್ಯ ಕೆಲಸ ಹಸಿ ಅಡಿಕೆ ಸುಲಿಯುವ ಯಂತ್ರ.

ಹೇಗೆ ಮಾಡಿದಿರಿ ಅಂತ ತುಂಬ ಜನ ಕೇಳುತ್ತಾರೆ. ಇಂಥ ಯಂತ್ರ ಮಾಡುವವರು ನಮ್ಮ ಕಡೆ, ಶಿವಮೊಗ್ಗ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರ ನಡುವೆ ನಾವು ಉಳಿದುಕೊಂಡದ್ದು ಯಂತ್ರವನ್ನು ಮೊದಲು ಯಾರ ಕೈಗೆ ಕೊಟ್ಟೆವು, ಯಾವ ಕೆಲಸ ನಮ್ಮಲ್ಲೇ ಇಟ್ಟುಕೊಂಡೆವು ಅನ್ನುವುದರಿಂದ. ಅದನ್ನೇ ಬರೆಯುತ್ತೇನೆ.

ಚನ್ನಗಿರಿ ಸೀಮೆಯದು ಕೆಂಪಡಿಕೆ. ಕಾಯಿ ಹಸಿರಿದ್ದಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಬೇಯಿಸಿ ಒಣಗಿಸುತ್ತಾರೆ. ಕೊಯ್ದ ಕಾಯಿ ಕಾಯುವುದಿಲ್ಲ. ಬೇಗ ಸುಲಿದು ಹಂಡೆಗೆ ಹಾಕಬೇಕು. ಮೊದಲು ಹೆಣ್ಣುಮಕ್ಕಳು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿಯೆಲ್ಲ ಸುಲಿಯುತ್ತಿದ್ದರು. ಕೆಲಸದವರು ಸಿಗುವುದು ಕಷ್ಟವಾದಂತೆ ಯಂತ್ರ ಬೇಕೇ ಬೇಕಾಯಿತು.

ನಮ್ಮ ಮೊದಲ ಯಂತ್ರದಲ್ಲಿ ಕಾಯಿ ಬೀಳುವ ತಟ್ಟೆಗೆ ಸಾದಾ ಕಬ್ಬಿಣದ ಶೀಟ್ ಹಾಕಿದ್ದೆವು. ಅಗ್ಗ ಅಲ್ವಾ ಅಂತ. ಒಂದೇ ದಿನದಲ್ಲಿ ಅಡಿಕೆಯ ಮೇಲೆ ಕಪ್ಪು ಮಚ್ಚೆ ಬಂತು. ಅಡಿಕೆಯಲ್ಲಿ ಟ್ಯಾನಿನ್ ಇರುತ್ತದೆ. ಅದು ಕಬ್ಬಿಣಕ್ಕೆ ತಾಗಿದರೆ ಮಸಿಯ ಹಾಗೆ ಕಪ್ಪಾಗುತ್ತದೆ. ಹಿಂದಿನ ಕಾಲದ ಬರೆಯುವ ಮಸಿಯನ್ನೂ ಇದೇ ರೀತಿ ಮಾಡುತ್ತಿದ್ದರು. ಕಾಯಿ ತಾಗುವ ಜಾಗಕ್ಕೆಲ್ಲ 304 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿದೆವು. ಆದರೆ ಬ್ಲೇಡಿಗೆ 304 ಆಗುವುದಿಲ್ಲ, ಕಾಯಿಸಿ ಅದ್ದಿದರೂ ಅದು ಗಟ್ಟಿಯಾಗುವುದಿಲ್ಲ. ಬ್ಲೇಡಿಗೆ ಹಾಗೆ ಗಟ್ಟಿಯಾಗುವ 420 ದರ್ಜೆಯ ಸ್ಟೀಲ್ ತಂದು, ಬೆಂಗಳೂರಿನ ಪೀಣ್ಯದಲ್ಲಿ ಹದ ಹಾಕಿಸಿ, ಬಾಯಿ ಮಾತ್ರ ನಮ್ಮಲ್ಲೇ ಹರಿತ ಮಾಡಿದೆವು.

ಮುಂದಿನ ಪ್ರಶ್ನೆ, ಯಾರಿಗೆ ಕೊಡುವುದು? ದೊಡ್ಡ ತೋಟದ ಯಜಮಾನರೊಬ್ಬರು ಪೂರ್ತಿ ದುಡ್ಡು ಕೊಟ್ಟು ಒಯ್ಯಲು ಸಿದ್ಧರಿದ್ದರು. ನಾವು ಕೊಡಲಿಲ್ಲ. ನಮ್ಮ ತಂದೆಗೆ ಇದು ಸರಿ ಕಾಣಲಿಲ್ಲ, ಎರಡು ದಿನ ಮಾತು ಬಿಟ್ಟಿದ್ದರು. ನನ್ನ ಲೆಕ್ಕ ಬೇರೆ ಇತ್ತು. ತೋಟದವರ ಕಾಯಿ ಒಂದೇ ತೋಟದ್ದು, ಒಂದೇ ಅಳತೆಯದ್ದು. ಖೇಣಿದಾರರು ಹಾಗಲ್ಲ. ಅವರು ಹತ್ತಾರು ತೋಟದ ಫಸಲನ್ನು ಮರದ ಮೇಲೆ ಇರುವಾಗಲೇ ಹಿಡಿದು, ತಾವೇ ಕೊಯ್ಸಿ, ಸುಲಿಸಿ, ಬೇಯಿಸುತ್ತಾರೆ. ಅವರ ಮನೆಗೆ ಎಳೇ ಕಾಯಿ, ಬಲಿತ ಕಾಯಿ, ಸಣ್ಣದು, ದೊಡ್ಡದು ಎಲ್ಲ ಬರುತ್ತದೆ. ಯಂತ್ರ ಹಗಲು ರಾತ್ರಿ ಓಡುತ್ತದೆ. ತೋಟದವರ ಮನೆಯಲ್ಲಿ ಮೂರು ವರ್ಷಕ್ಕೆ ಮುರಿಯುವುದು ಅಲ್ಲಿ ಮೂರು ವಾರಕ್ಕೆ ಮುರಿಯುತ್ತದೆ. ನನಗೆ ಬೇಕಾಗಿದ್ದದ್ದೂ ಅದೇ.

ಹಾಗಾಗಿ ಮೊದಲ ವರ್ಷ ಮೂರು ಯಂತ್ರಗಳನ್ನು ಮೂವರು ಖೇಣಿದಾರರ ಮನೆಗೆ ಬಾಡಿಗೆಗೆ ಇಳಿಸಿದೆವು. ಕ್ವಿಂಟಲ್ ಲೆಕ್ಕದ ಬಾಡಿಗೆ. ನಿಂತರೆ ಅವರಿಗೂ ನಷ್ಟ, ನಮಗೂ ಆದಾಯವಿಲ್ಲ. ಸುಮ್ನೆ ಮಾರಿಬಿಟ್ಟಿದ್ದರೆ ರಾತ್ರಿ ಎರಡು ಗಂಟೆಗೆ ಸಂತೇಬೆನ್ನೂರಿಗೆ ಬೈಕ್ ಓಡಿಸಿಕೊಂಡು ಹೋಗುತ್ತಿರಲಿಲ್ಲ ಅನಿಸುತ್ತದೆ. ಅಲ್ಲಿ ನಿಂತು ನೋಡಿದ್ದರಿಂದಲೇ ತಿಳಿದದ್ದು ಜಾಸ್ತಿ.

ಉದಾಹರಣೆಗೆ, ನಾವು ವೇಗದ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು. ಗಂಟೆಗೆ ಎಷ್ಟು ಸುಲಿಯುತ್ತದೆ ಅಂತ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ಒಬ್ಬ ಹಿರಿಯ ಖೇಣಿದಾರರು ಒಂದು ಹಿಡಿ ಅಡಿಕೆ ತೆಗೆದು ನನ್ನ ಕೈಗೆ ಹಾಕಿ, "ತಮ್ಮಾ, ಬೇಗ ಸುಲಿದು ಏನು ಮಾಡೋದು? ಇದರ ಮೇಲಿನ ಕಚ್ಚು ನೋಡು. ಇದು ನನಗೆ ರಾಶಿ ಇಡಿಯಾಗಿ ಹೋಗಲ್ಲ" ಅಂದರು. ರಾಶಿ ಇಡಿ ಅಂದರೆ ಒಡೆಯದ ಇಡೀ ಅಡಿಕೆಯ ದರ್ಜೆ. ಬ್ಲೇಡ್ ತಾಗಿದ ಗೆರೆ ಬೆಂದ ಮೇಲೂ ಹೋಗುವುದಿಲ್ಲ, ಎಷ್ಟೋ ಅಡಿಕೆ ಅಲ್ಲೇ ಒಡೆಯುತ್ತದೆ. ಮಂಡಿಯಲ್ಲಿ ದರ ಇಳಿಯುತ್ತದೆ. ಅವತ್ತಿನಿಂದ ನೋಟ್‌ಬುಕ್‌ನಲ್ಲಿ ಇನ್ನೊಂದು ಕಾಲಂ ಎಳೆದೆ: ನೂರು ಕಾಯಿಗೆ ಎಷ್ಟು ಕಚ್ಚು. ಮುಂದಿನ ಎರಡು ವರ್ಷ ನಾವು ಮಾಡಿದ ಬದಲಾವಣೆಗಳೆಲ್ಲ ಆ ಕಾಲಂಗಾಗಿ. ಕಾಯಿಯನ್ನು ಬ್ಲೇಡಿಗೆ ಒತ್ತುವ ರಬ್ಬರ್ ಪಟ್ಟಿಯ ಹಿಂದೆ ಸ್ಪ್ರಿಂಗ್ ಹಾಕಿ, ಕಾಯಿಯ ಗಾತ್ರಕ್ಕೆ ತಕ್ಕಂತೆ ಅದೇ ಹಿಂದೆ ಮುಂದೆ ಆಗುವ ಹಾಗೆ ಮಾಡಿದೆವು. ವೇಗ ಸ್ವಲ್ಪ ಕಡಿಮೆಯಾಯಿತು. ಯಾರೂ ದೂರಲಿಲ್ಲ.

ಇನ್ನೊಂದು ತೊಡಕು ಸೀಸನ್. ಬಯಲುಸೀಮೆಯ ಕೊಯ್ಲು ಮುಗಿದರೆ ಮುಂದಿನ ಪರೀಕ್ಷೆಗೆ ವರ್ಷ ಕಾಯಬೇಕು. ನಾವು ಕೊಯ್ಲಿನ ಹಿಂದೆಯೇ ಹೋದೆವು. ಚನ್ನಗಿರಿಯಲ್ಲಿ ಆಗಸ್ಟ್, ಸೆಪ್ಟೆಂಬರ್‌ಗೆ ಶುರುವಾಗುತ್ತದೆ. ಚಿತ್ರದುರ್ಗದ ಭೀಮಸಮುದ್ರ ಹತ್ತಿರವೇ ಇದೆ. ಮಲೆನಾಡಿನಲ್ಲಿ ತಡವಾಗಿ ಶುರುವಾಗುತ್ತದೆ. ಇಲ್ಲಿ ಕಂಡ ತಪ್ಪನ್ನು ತಿದ್ದಿ, ಅದೇ ವರ್ಷ ತೀರ್ಥಹಳ್ಳಿಯಲ್ಲಿ ಓಡಿಸಿ ನೋಡಿದೆವು. ವರ್ಷಕ್ಕೆ ಒಂದು ಪರೀಕ್ಷೆ ಇದ್ದದ್ದು ಎರಡಾಯಿತು. ನಮಗಿಂತ ಹೆಚ್ಚು ಬಂಡವಾಳ ಇದ್ದವರಿಗೆ ಸಮ ನಿಂತದ್ದು ಇದರಿಂದಲೇ ಅಂತ ನಾನು ನಂಬಿದ್ದೇನೆ.

ಮೋಟಾರ್ ವಿಷಯ ಬೇಗ ತೀರ್ಮಾನವಾಯಿತು. ಪಂಪ್‌ಸೆಟ್ ಲೈನಿನ ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆಯ ಲೆಕ್ಕದ್ದು. ಸುಲಿಯುವ ಕೆಲಸ ರಾತ್ರಿಯದು. ಸಿಂಗಲ್ ಫೇಸ್ ಮೋಟಾರೇ ಸರಿ ಅಂದೆವು. ಅದಕ್ಕೆ ತಕ್ಕಂತೆ ಯಂತ್ರವನ್ನೂ ಕಾಯಿ ಸಾಗಿಸುವ ಎರಡು ಬೆಲ್ಟಿಗೇ ನಿಲ್ಲಿಸಿದೆವು. ಜಾಸ್ತಿ ಬೇಕಾದವರು ಮುಂದಿನ ವರ್ಷ ಇನ್ನೆರಡು ಬೆಲ್ಟ್‌ನ ಸೆಟ್ ಪಕ್ಕಕ್ಕೆ ಬೋಲ್ಟ್ ಹಾಕಿ ಕೂರಿಸಿಕೊಳ್ಳಬಹುದು.

ಈಗ ನನ್ನ ತಪ್ಪು. ಎರಡನೇ ವರ್ಷ ಒಂದು ಕೃಷಿ ಮೇಳದಲ್ಲಿ ಯಂತ್ರ ಇಟ್ಟೆವು. ಬಂದವರೆಲ್ಲ ಫೋಟೋ ಹೊಡೆದುಕೊಂಡರು, ನಾನೇ ಬಾಗಿಲು ತೆಗೆದು ಒಳಗೆ ತೋರಿಸಿದೆ. ಆಮೇಲೆ ಪೇಟೆಂಟ್ ವಿಚಾರಿಸಲು ಹೋದರೆ, ಅರ್ಜಿ ಹಾಕುವ ಮೊದಲೇ ಜನರಿಗೆ ತೋರಿಸಿದ್ದು ಹೊಸದು ಅಂತ ಅನಿಸಿಕೊಳ್ಳುವುದಿಲ್ಲ ಅಂದರು. ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನವಾದರೆ 12 ತಿಂಗಳ ವಿನಾಯಿತಿ ಇದೆ. ನಾವು ಇಟ್ಟದ್ದು ಅಂಥದ್ದಲ್ಲ. ವ್ಯಕ್ತಿಯೊಬ್ಬ ಆನ್‌ಲೈನ್‌ನಲ್ಲಿ ತಾತ್ಕಾಲಿಕ ಅರ್ಜಿ ಹಾಕಲು ಶುಲ್ಕ 1,600 ರೂಪಾಯಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಇರುತ್ತದೆ. ಮೇಳದ ಸ್ಟಾಲಿಗೆ ಹಾಕಿಸಿದ ಬ್ಯಾನರ್ ಖರ್ಚು ಅದಕ್ಕಿಂತ ಜಾಸ್ತಿ ಆಗಿತ್ತು. ಅದೇ ವರ್ಷ ನಮ್ಮ ಫ್ರೇಮನ್ನೇ ಹೋಲುವ ಯಂತ್ರ ಮಾರುಕಟ್ಟೆಗೆ ಬಂತು. ತುಂಬ ನೋವಾಯಿತು.

ಆ ನೋವಿನಲ್ಲಿ ಕೂತು ಯೋಚಿಸಿದಾಗ ಒಂದು ವಿಷಯ ಕಂಡಿತು. ಅವರಿಗೆ ಫ್ರೇಮ್ ಸಿಕ್ಕಿತ್ತು. ಬ್ಲೇಡಿನ ಬಾಯಿ ಎಷ್ಟು ಓರೆ, ಸ್ಪ್ರಿಂಗ್ ಎಷ್ಟು ಬಿಗಿ ಅನ್ನುವುದು ಸಿಕ್ಕಿರಲಿಲ್ಲ. ಅದು ಫೋಟೋದಲ್ಲಿ ಬರುವುದಿಲ್ಲ. ಅವತ್ತೇ ಫ್ರೇಮ್ ಕೆಲಸವನ್ನು ಹೊರಗಿನ ವೆಲ್ಡಿಂಗ್ ಶಾಪ್‌ಗಳಿಗೆ ಬಿಟ್ಟುಕೊಟ್ಟೆವು. ಬ್ಲೇಡ್ ಹರಿತ ಮಾಡುವುದು, ಸ್ಪ್ರಿಂಗ್ ಕೂರಿಸುವುದು ಮಾತ್ರ ನಮ್ಮ ಮನೆಯೊಳಗೆ. ಬೇರೆಯವರ ಯಂತ್ರಕ್ಕೂ ನಮ್ಮ ಬ್ಲೇಡ್ ಮಾರುತ್ತೇವೆ. ಚನ್ನಗಿರಿಯಲ್ಲಿ ಒಂದು ಅಂಗಡಿಯಲ್ಲಿ ಸೀಸನ್ ಪೂರ್ತಿ ಬ್ಲೇಡ್, ಬೆಲ್ಟ್, ಬೇರಿಂಗ್ ಇಟ್ಟಿರುತ್ತೇವೆ. ಸಾಮಾನು ಅರ್ಧ ಗಂಟೆಯಲ್ಲಿ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ನಮ್ಮ ಯಂತ್ರ ಕೊಂಡವರಿದ್ದಾರೆ.

ಸರ್ಕಾರದ ಸಬ್ಸಿಡಿ ಸಿಗುವ ಯಂತ್ರಗಳ ಪಟ್ಟಿಗೆ ಯಾಕೆ ಸೇರಲಿಲ್ಲ ಅಂತಲೂ ಕೇಳುತ್ತಾರೆ. ಅದಕ್ಕೆ ಯಂತ್ರದ ಪರೀಕ್ಷಾ ವರದಿ ಬೇಕು. ವರದಿ ಪರೀಕ್ಷೆಗೆ ಕೊಟ್ಟ ಮಾಡೆಲ್‌ಗೆ ಮಾತ್ರ ಸಲ್ಲುತ್ತದೆ. ನಾವು ಆಗ ಪ್ರತಿ ತಿಂಗಳು ಏನಾದರೂ ಬದಲಿಸುತ್ತಿದ್ದೆವು. ಒಂದು ಮಾಡೆಲ್ ನಿಲ್ಲುವವರೆಗೆ ಬೇಡ ಅಂತ ತಡೆದೆ. ವ್ಯಾಪಾರ ನಿಧಾನವಾಯಿತು ನಿಜ. ಆದರೆ ಕಚ್ಚು ಬೀಳುವ ಯಂತ್ರ ನೂರಾರು ಮನೆ ಸೇರಿಬಿಟ್ಟಿದ್ದರೆ ವಾಪಸ್ ತರುವುದು ಹೇಗೆ?

ಸುಲಿಯುತ್ತಿದ್ದ ಹೆಣ್ಣುಮಕ್ಕಳ ಬಗ್ಗೆ ಹೇಳದೆ ಇರಲಾರೆ. ಮೊದಲ ದಿನ ಯಂತ್ರ ಇಳಿಸುವಾಗ ಮೆಟ್ಟುಗತ್ತಿ ಹಿಡಿದು ಕೂತಿದ್ದ ಒಬ್ಬ ಅಕ್ಕ, "ಅಣ್ಣಾ, ನಾಳೆಯಿಂದ ನಮಗೆ ಕೆಲಸ ಇಲ್ವಾ?" ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಯಂತ್ರ ಎಲ್ಲವನ್ನೂ ಸುಲಿಯುವುದಿಲ್ಲ. ಉಳಿದ ಕಾಯಿ ಬಿಡಿಸಲು, ಬೆಲ್ಟಿಗೆ ಕಾಯಿ ಹಾಕಲು, ಆರಿಸಲು ಜನ ಬೇಕು. ಅದಕ್ಕೆ ಅವರನ್ನೇ ಕರೆಯಿರಿ ಅಂತ ಬಾಡಿಗೆಯ ಮಾತಿನಲ್ಲೇ ಸೇರಿಸಿದೆ. ಮೊದಲಿನಷ್ಟು ಜನಕ್ಕೆ ಕೆಲಸ ಉಳಿಯಲಿಲ್ಲ. ಬೆಲ್ಟಿನ ಎತ್ತರ ಸರಿಯಿಲ್ಲ, ಬೆನ್ನು ನೋಯುತ್ತದೆ ಅಂತ ಹೇಳಿದ್ದೂ ಅದೇ ಅಕ್ಕ. ಕಾಲಿಗೆ ಸ್ಕ್ರೂ ಹಾಕಿ ಎತ್ತರ ಬದಲಿಸುವ ಹಾಗೆ ಮಾಡಿಕೊಟ್ಟೆವು.

ಈ ವರ್ಷ ಒಂದು ಬೆಲ್ಟಿನ ಸಣ್ಣ ಯಂತ್ರ ತಯಾರಾಗುತ್ತಿದೆ, ಒಂದೆರಡು ಎಕರೆ ತೋಟ ಇರುವವರಿಗೆ. ಅದರ ಹೊಸ ಒತ್ತುಪಟ್ಟಿಗೆ ತಾತ್ಕಾಲಿಕ ಅರ್ಜಿ ಮೊದಲೇ ಹಾಕಿದ್ದೇವೆ. ಆಗಸ್ಟ್ ಕೊನೆಗೆ ಮೂರು ಯಂತ್ರ ಚನ್ನಗಿರಿಗೆ ಹೋಗುತ್ತವೆ, ಅದೇ ಮೂರು ಖೇಣಿ ಮನೆಗಳಿಗೆ.