ಚಿತ್ರದುರ್ಗದಲ್ಲಿ ಕುಳಿತು ಆಳದ ಹವಳವನ್ನು ಗಮನಿಸುವ ಕ್ರಮ

ಹವಳದ ದಿಬ್ಬಗಳ ಸ್ಥಿತಿಗತಿಯನ್ನು ಗಮನಿಸಲು ಕಡಲ ದಂಡೆಯಲ್ಲೇ ಮನೆ ಇರಬೇಕೆಂದಿಲ್ಲ. ಚಿತ್ರದುರ್ಗದಲ್ಲಿ ಪ್ರೌಢಶಾಲೆಯ ಮಕ್ಕಳೊಂದಿಗೆ ನಾನು ಈ ಕೆಲಸವನ್ನು ಒಂದು ಮೊಬೈಲ್, ಒಂದು ನೋಟ್‌ಬುಕ್ ಮತ್ತು ವಾರಕ್ಕೆ ಅರ್ಧ ಗಂಟೆಯ ಬಿಡುವಿನಲ್ಲಿ ನಡೆಸಿದ್ದೇನೆ. ಆದರೆ ಉಪಗ್ರಹದ ನಕ್ಷೆಯಲ್ಲಿ ಮೇಲ್ಮೈ ನೀರು ಕಾದದ್ದನ್ನು ತೋರುವ ಕೆಂಪನ್ನಷ್ಟೇ ನೆಚ್ಚಿಕೊಂಡರೆ ಆಳದ ಹವಳದ ವಿಷಯದಲ್ಲೂ ಪ್ರತಿಕೂಲ ನೀರಿನ ಅಂಚಿನಲ್ಲಿ ಬದುಕುವ ಹವಳದ ವಿಷಯದಲ್ಲೂ ಎಡವುತ್ತೇವೆ.

ಮೊದಲು ಮೂರು ಜಾಗಗಳನ್ನು ಆರಿಸಿಕೊಳ್ಳಿ: ತಿಳಿನೀರಿನ ಲಕ್ಷದ್ವೀಪ, ಕೆಸರು ನೀರಿನ ಕಚ್ ಕೊಲ್ಲಿ, ಮತ್ತು ಆಳದ ಹವಳಕ್ಕಾಗಿ ಹಿಂದೂ ಮಹಾಸಾಗರದ ನಡುವಿನ ಚಾಗೋಸ್ ದ್ವೀಪಗಳು. ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಒಂದು ಸಾಲು ಇರಲಿ. ಸುಮಾರು 30ರಿಂದ 150 ಮೀಟರ್ ಆಳದವರೆಗಿನ ಮಬ್ಬು ಬೆಳಕಿನ ಪಟ್ಟಿಯನ್ನು ಮೀಸೋಫೋಟಿಕ್ ವಲಯ ಎನ್ನುತ್ತಾರೆ. ಕೆಂಪು ಬೆಳಕು ಮೇಲಿನ ಕೆಲವೇ ಮೀಟರುಗಳಲ್ಲಿ ಇಂಗಿಹೋಗುವುದರಿಂದ ಅಲ್ಲಿಗೆ ತಲುಪುವುದು ಹೆಚ್ಚಾಗಿ ನೀಲಿ ಬೆಳಕು. ಲೆಪ್ಟೊಸೆರಿಸ್‌ನಂಥ ಹವಳಗಳು ಆ ಅಲ್ಪ ಬೆಳಕನ್ನು ಬಾಚಿಕೊಳ್ಳಲು ರೊಟ್ಟಿ ಹರಡಿದಂತೆ ತೆಳ್ಳಗೆ ಚಪ್ಪಟೆಯಾಗಿ ಬೆಳೆಯುತ್ತವೆ.

ಲಕ್ಷದ್ವೀಪದ ಲೆಕ್ಕದಿಂದ ಆರಂಭಿಸುವುದು ಒಳ್ಳೆಯದು. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ಕೋರಲ್ ರೀಫ್ ವಾಚ್ ಮತ್ತು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಎರಡೂ ಹವಳ ಬಿಳಿಚುವ ಮುನ್ನೆಚ್ಚರಿಕೆಯನ್ನು ಉಚಿತವಾಗಿ ಪ್ರಕಟಿಸುತ್ತವೆ. ಆ ಜಾಗದ ಅತಿ ಬೆಚ್ಚನೆಯ ತಿಂಗಳ ಸರಾಸರಿಗಿಂತ ನೀರು ಕನಿಷ್ಠ ಒಂದು ಡಿಗ್ರಿ ಹೆಚ್ಚು ಕಾದ ವಾರಗಳನ್ನು ಗುರುತಿಸಿ, ಆ ಹೆಚ್ಚುವರಿಯನ್ನು ಹನ್ನೆರಡು ವಾರಗಳ ಅವಧಿಗೆ ಕೂಡಿದರೆ ನೋವಾದ 'ಡಿಗ್ರಿ ಹೀಟಿಂಗ್ ವೀಕ್' ಸಿಗುತ್ತದೆ. ಎರಡು ಡಿಗ್ರಿಯಂತೆ ಎರಡು ವಾರ ಕಾದರೂ ಒಂದು ಡಿಗ್ರಿಯಂತೆ ನಾಲ್ಕು ವಾರ ಕಾದರೂ ಮೊತ್ತ 4. ಅಲ್ಲಿಂದ ಬಿಳಿಚುವಿಕೆ ಗಣನೀಯವಾಗುತ್ತದೆ, 8 ದಾಟಿದರೆ ಸಾವುಗಳನ್ನು ನಿರೀಕ್ಷಿಸಬೇಕು. ಬಿಳಿಚುವುದೆಂದರೆ ಹವಳವು ತನಗೆ ಅನ್ನ ಕೊಡುತ್ತಿದ್ದ ಸೂಕ್ಷ್ಮ ಪಾಚಿಯನ್ನು ಹೊರಹಾಕುವುದು. ಆ ಕ್ಷಣಕ್ಕೆ ಅದು ಸತ್ತಿರುವುದಿಲ್ಲ.

ಈ ಲೆಕ್ಕವೆಲ್ಲ ನೀರಿನ ಮೇಲ್ಮೈಯದು. ಕೆಳಗೆ ಏನಿದೆ ಎಂಬುದನ್ನು ಮಕ್ಕಳಿಗೆ ತೋರಿಸಲು ತೋಟದ ತೆರೆದ ಬಾವಿಗಿಂತ ಉತ್ತಮ ಪ್ರಯೋಗಶಾಲೆಯನ್ನು ನಾನು ಕಂಡಿಲ್ಲ. ಹಿರಿಯೂರಿನ ಕಡೆ ಬೇಸಿಗೆಯಲ್ಲಿ ಬಾವಿಗೆ ಧುಮುಕಿದವರಿಗೆಲ್ಲ ಎದೆಮಟ್ಟದ ನೀರು ಬೆಚ್ಚಗಿದ್ದರೂ ಪಾದಕ್ಕೆ ಚಳಿ ತಾಕುವುದು ಗೊತ್ತೇ ಇದೆ. ಕಿರಿಬಾಯಿಯ ಗಾಜಿನ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಬಿಗಿದು, ಕಟ್ಟೆ ಇರುವ ಬಾವಿಯಲ್ಲಿ ಹಿರಿಯರೊಬ್ಬರ ಎದುರಿನಲ್ಲಿ ಇಳಿಬಿಡಿ. ಬೇಕಾದ ಆಳದಲ್ಲಿ ಬಿರಡೆ ಎಳೆದು, ಗುಳ್ಳೆ ನಿಂತ ಮೇಲೆ ಬಾಟಲಿಯನ್ನು ಸರಸರನೆ ಮೇಲೆತ್ತಿ, ತಡಮಾಡದೆ ಥರ್ಮಾಮೀಟರ್ ಅದ್ದಿರಿ. ಗೇಣು ಗೇಣಿಗೆ ಸಮವಾಗಿ ತಣಿಯದೆ, ಒಂದು ಮಟ್ಟದಲ್ಲಿ ಶಾಖ ತಟಕ್ಕನೆ ಇಳಿಯುವುದು ಕಂಡರೆ ಅದೇ ಥರ್ಮೋಕ್ಲೈನ್.

ಆಳದ ಹವಳದ ಕಥೆಯೆಲ್ಲ ಈ ಗೆರೆಯ ಏರಿಳಿತದಲ್ಲಿದೆ. 2019ರಲ್ಲಿ ಚಾಗೋಸ್‌ನಲ್ಲಿ ಸುಮಾರು 90 ಮೀಟರ್ ಆಳದ ಹವಳ ಬಿಳಿಚಿತು. ಮೇಲಿನ ಹವಳಕ್ಕೆ ಏನೂ ಆಗಿರಲಿಲ್ಲ. ಮಳೆಯ ಮುನ್ಸೂಚನೆಯಲ್ಲಿ ಚಳ್ಳಕೆರೆಯ ಶೇಂಗಾ ಬೆಳೆಗಾರರೂ ಕೇಳಿರುವ ಹಿಂದೂ ಮಹಾಸಾಗರದ ಡೈಪೋಲ್ (ಸಾಗರದ ಪೂರ್ವ-ಪಶ್ಚಿಮ ಭಾಗಗಳ ನೀರಿನ ಉಷ್ಣತೆಯ ಏರುಪೇರು) ಆ ವರ್ಷ ಪ್ರಬಲವಾಗಿದ್ದು, ಬೆಚ್ಚನೆಯ ಪದರವನ್ನು ಕೆಳಕ್ಕೆ ಒತ್ತಿದ್ದರಿಂದ, 22 ಡಿಗ್ರಿ ಇದ್ದ ಅಲ್ಲಿನ ನೀರು 29ಕ್ಕೆ ಏರಿತ್ತು. ಆಳವೆಂದರೆ ಸುರಕ್ಷಿತ ಆಶ್ರಯ, ಮೇಲೆ ಸತ್ತದ್ದನ್ನು ಕೆಳಗಿನದು ತುಂಬಿಕೊಡುತ್ತದೆ ಎಂಬ ಸಮಾಧಾನ ನನಗೂ ಇತ್ತು. ಆದರೆ ಎರಡು ಆಳಗಳ ಜೀವಿಗಳು ಬಹುಮಟ್ಟಿಗೆ ಬೇರೆಬೇರೆ ಎಂದು 2018ರ ಅಧ್ಯಯನವೊಂದು ತೋರಿಸಿದೆ.

ಆದುದರಿಂದ ಚಾಗೋಸ್‌ನ ಸಾಲಿಗೆ ಮೇಲ್ಮೈ ನಕ್ಷೆಯ ಬದಲು ಆರ್ಗೋ ತೇಲುಯಂತ್ರಗಳ ದತ್ತಾಂಶವನ್ನು ಬಳಸಿ. ಇವು ಸುಮಾರು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೇರುತ್ತ ಉಷ್ಣತೆಯನ್ನೂ ಲವಣಾಂಶವನ್ನೂ ಅಳೆಯುತ್ತವೆ. ಹತ್ತಿರದ ತೇಲುಯಂತ್ರದ ರೇಖಾಚಿತ್ರದಲ್ಲಿ 90 ಮೀಟರಿನ ಬಿಂದುವನ್ನು ಹುಡುಕಿ ಪ್ರತಿ ಸಲವೂ ಬರೆದುಕೊಂಡರೆ ಸಾಕು.

ಕಚ್‌ನ ಲೆಕ್ಕದಲ್ಲಿ ನಾನೇ ಒಮ್ಮೆ ಮುಗ್ಗರಿಸಿದೆ: ಲಕ್ಷದ್ವೀಪದ ಮಿತಿಯನ್ನು, ಅಂದರೆ ಅಲ್ಲಿನ ಅತಿ ಬೆಚ್ಚನೆಯ ತಿಂಗಳ ಸರಾಸರಿಯನ್ನು, ಕಚ್‌ಗೂ ಹಾಕಿ ಇಡೀ ಪುಟವನ್ನು ಹೊಡೆದುಹಾಕಬೇಕಾಯಿತು. ಮಿತಿ ಯಾವಾಗಲೂ ಆಯಾ ಜಾಗದ್ದೇ ಆಗಿರಬೇಕು, ಏಕೆಂದರೆ ಹವಳವು ತನ್ನ ನೀರಿಗೆ ಪಳಗಿರುತ್ತದೆ. ಪರ್ಷಿಯನ್ ಕೊಲ್ಲಿಯ ಹವಳಗಳು ಬೇರೆಡೆಯವು ತಾಳಲಾರದ 34 ಡಿಗ್ರಿಯ ಬೇಸಿಗೆಯನ್ನೂ ದಾಟುತ್ತವೆ. ಕಚ್‌ನಲ್ಲಿ ದೊಡ್ಡ ಭರತ ಇಳಿದಾಗ ನರಾರಾದ ಬಳಿ ನಡೆದುಕೊಂಡೇ ಹವಳವನ್ನು ನೋಡಬಹುದು. ಅಲ್ಲಿನ ಕೆಸರು ಹವಳದ ಮೇಲೆ ಕೂತು ಉಸಿರುಗಟ್ಟಿಸುತ್ತದೆ, ಆದರೆ ಬಿಸಿಲಿನ ವಾರಗಳಲ್ಲಿ ಅದೇ ಕೆಸರು ಬೆಳಕಿಗೆ ಅಡ್ಡ ಬಂದು ಬಿಳಿಚುವುದನ್ನು ತಗ್ಗಿಸಲೂಬಹುದು. ಹೀಗಾಗಿ ಅಲ್ಲಿಯ ಮೊತ್ತ 4 ದಾಟಿದಾಗ ಕೂಡಲೇ ತೀರ್ಪು ಬರೆಯದೆ, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಇಡುವುದು ಲೇಸು.

ನೋಟ್‌ಬುಕ್ಕಿನಲ್ಲಿ ಕೊನೆಯ ಕಂಬಸಾಲೊಂದನ್ನು ಖಾಲಿ ಬಿಟ್ಟು 'ಮರುಭೇಟಿ' ಎಂದು ಬರೆಯಿರಿ. ಹವಳದ ತಾಳಿಕೆಯನ್ನು ಕಾವು ಬಂದ ವಾರದಲ್ಲಿ ಅಳೆಯಲಾಗದು, ಆಮೇಲಿನ ವರ್ಷಗಳಲ್ಲಿ ಅಳೆಯಬೇಕು. ಲಕ್ಷದ್ವೀಪ 1998, 2010 ಮತ್ತು 2016ರಲ್ಲಿ ಬಿಳಿಚಿತು. ಹನ್ನೆರಡು ವರ್ಷವಿದ್ದ ಬಿಡುವು ಆರಕ್ಕೆ ಇಳಿದದ್ದು ಈ ಕಂಬಸಾಲಿನಲ್ಲೇ ಕಾಣುತ್ತದೆ. ಚಾಗೋಸ್‌ಗೆ 2020 ಮತ್ತು 2022ರಲ್ಲಿ ಮರಳಿ ಹೋದವರು ಆಳದ ಹವಳದ ಬಹುಭಾಗ ಚೇತರಿಸಿಕೊಂಡಿದ್ದನ್ನು ಕಂಡರು. ಆ ಕಂಬಸಾಲನ್ನು ಉಪಗ್ರಹ ತುಂಬಲಾರದು. ಮುಳುಗಿ ನೋಡಿದವರ ವರದಿ ಬರುವವರೆಗೆ ಅದು ಖಾಲಿಯೇ ಇರಲಿ.