ಟೈಮ್ ಸೀರೀಸ್ ಪೇಪರ್ ಓದೋರಿಗೆ: ಮೊದಲು ನಾಣ್ಯ, ಆಮೇಲೆ ಕಂಪ್ಯೂಟರ್

ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್‌ನ ಟೈಮ್ ಸೀರೀಸ್ (ಕಾಲಕ್ರಮದಲ್ಲಿ ಬರುವ ಅಂಕಿಗಳ ಸಾಲು) ಪೇಪರಿನ ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ ಬಂದದ್ದು 20ಕ್ಕೆ 6. ಸೂತ್ರಗಳೆಲ್ಲ ಬಾಯಿಪಾಠವಿದ್ದವು. ‘ಈ ಗ್ರಾಫ್ ಸ್ಟೇಷನರಿಯೇ? ಯಾಕೆ?’ ಅಂತ ಕೇಳಿದ್ದಕ್ಕೆ ಮಾತ್ರ ಪೆನ್ ಓಡಲಿಲ್ಲ. (ಸ್ಟೇಷನರಿ ಅಂದರೆ ಸರಾಸರಿ, ಏರಿಳಿತದಂಥ ಗುಣಗಳು ಕಾಲದ ಜೊತೆ ಬದಲಾಗದ ಸಾಲು.) ಆಮೇಲೆ ನಾನು ಓದಿದ ರೀತಿ ಇದು.

ಒಂದು ರೂಪಾಯಿ ನಾಣ್ಯ, ಒಂದು ಗ್ರಾಫ್ ಹಾಳೆ ತಗೊಳ್ಳಿ. ನಾಣ್ಯವನ್ನು 100 ಸಲ ಚಿಮ್ಮಿ. ಹೆಡ್ಡಿಗೆ +1, ಟೇಲಿಗೆ −1. ಹಿಂದಿನ ಮೊತ್ತಕ್ಕೆ ಕೂಡಿಸುತ್ತಾ ಚುಕ್ಕೆ ಇಡುತ್ತಾ ಹೋಗಿ. ಇದೇ ರ‍್ಯಾಂಡಮ್ ವಾಕ್. ನನ್ನ ಗೆರೆ ಷೇರುಪೇಟೆಯ ಚಿತ್ರದ ಹಾಗೆ ಏರಿ ಇಳಿದಿತ್ತು, ಒಳಗಿದ್ದದ್ದು ಬರೀ ನಾಣ್ಯ. ಪ್ರತಿ ಚಿಮ್ಮಿಗೆ ವೇರಿಯನ್ಸ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ) 1, ಆದರೆ t ಹೆಜ್ಜೆ ಮುಗಿದ ಮೇಲೆ ಮೊತ್ತದ ವೇರಿಯನ್ಸ್ t. ಕಾಲದ ಜೊತೆ ಬೆಳೆಯುವುದರಿಂದಲೇ ಅದು ಸ್ಟೇಷನರಿ ಅಲ್ಲ. ಇವತ್ತಿನದರಲ್ಲಿ ನಿನ್ನೆಯದನ್ನು ಕಳೆದರೆ ಮತ್ತೆ ನಾಣ್ಯವೇ ಸಿಗುತ್ತದೆ. ಡಿಫರೆನ್ಸಿಂಗ್ ಅಂದರೆ ಅಷ್ಟೇ.

ರೂಮ್‌ಮೇಟ್ ಕೈಲೂ ಒಂದು ಗೆರೆ ಎಳೆಸಿ, ಎರಡಕ್ಕೂ ಕೊರಿಲೇಶನ್ (ಎರಡೂ ಎಷ್ಟು ಜೊತೆಜೊತೆಯಾಗಿ ಸಾಗುತ್ತವೆ ಅನ್ನೋ ಅಳತೆ, −1ರಿಂದ 1ರವರೆಗೆ) ಲೆಕ್ಕ ಹಾಕಿ. ಸಂಬಂಧವೇ ಇಲ್ಲದ ಎರಡು ನಾಣ್ಯಗಳ ನಡುವೆ ಎಷ್ಟೋ ಸಲ ದೊಡ್ಡ ಸಂಖ್ಯೆ ಬಂದು ಕೂರುತ್ತದೆ. ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲೇ ಇದನ್ನು ತೋರಿಸಿದ್ದರು: ಇಂಗ್ಲೆಂಡಿನಲ್ಲಿ ಚರ್ಚ್ ಮದುವೆಗಳ ಪ್ರಮಾಣಕ್ಕೂ ಸಾವಿನ ದರಕ್ಕೂ ಕೊರಿಲೇಶನ್ 0.95! ಎರಡೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದವು, ಬೇರೇನಿಲ್ಲ.

ಎಸಿಎಫ್ (ಒಂದು ಸಾಲಿನ ಬೆಲೆಗಳಿಗೂ ಅದೇ ಸಾಲಿನ ಹಿಂದಿನ ಬೆಲೆಗಳಿಗೂ ಇರುವ ಕೊರಿಲೇಶನ್) ಅನ್ನು ಒಮ್ಮೆಯಾದರೂ ಕೈಯಲ್ಲೇ ಮಾಡಿ. 3, 5, 4, 8, 5 ತಗೊಳ್ಳಿ. ಸರಾಸರಿ 5, ವ್ಯತ್ಯಾಸಗಳು −2, 0, −1, 3, 0. ವರ್ಗಗಳ ಮೊತ್ತ 14. ಅಕ್ಕಪಕ್ಕದವನ್ನು ಗುಣಿಸಿ ಕೂಡಿದರೆ −3. ಹಾಗಾಗಿ ಲ್ಯಾಗ್ 1ರ (ಒಂದು ಹೆಜ್ಜೆ ಹಿಂದಿನದರ ಜೊತೆಗಿನ) ಬೆಲೆ −3/14, ಸುಮಾರು −0.21. ಗುಣಲಬ್ಧ ನಾಲ್ಕೇ ಇದ್ದರೂ ಕೆಳಗೆ ಐದೂ ವರ್ಗಗಳ ಮೊತ್ತವೇ ಬರಬೇಕು. ಪರೀಕ್ಷೆಯಲ್ಲಿ ನಾನು ಎಡವಿದ್ದು ಇಲ್ಲೇ.

ಇನ್ನೊಂದು ಗುಂಡಿ ಇದೆ. ಪಿಯುಸಿಯಲ್ಲಿ ಕಲಿತ ಚಲಿಸುವ ಸರಾಸರಿ ಬೇರೆ, ಇಲ್ಲಿನ ಎಂಎ (ಮೂವಿಂಗ್ ಆವರೇಜ್) ಮಾಡೆಲ್ ಬೇರೆ. ಅದು ದತ್ತಾಂಶವನ್ನು ನುಣುಪು ಮಾಡುವ ವಿಧಾನ, ಇದು ಕಣ್ಣಿಗೆ ಕಾಣದ ಹಿಂದಿನ ಆಘಾತಗಳಿಂದ ಇವತ್ತಿನ ಬೆಲೆ ಕಟ್ಟುವ ಮಾಡೆಲ್. ಹೆಸರಿಟ್ಟವರಿಗೆ ನಮ್ಮ ಮೇಲೆ ಏನು ಸಿಟ್ಟಿತ್ತೋ!

ಇಷ್ಟಾದ ಮೇಲೆ ಕಂಪ್ಯೂಟರಿನಲ್ಲಿ ಆರ್ (ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್) ತೆರೆಯಿರಿ. ಅದರಲ್ಲೇ ಇರುವ ಏರ್‌ಪ್ಯಾಸೆಂಜರ್ಸ್ ಸಾಕು: 1949ರಿಂದ 1960ರವರೆಗೆ 144 ತಿಂಗಳ ವಿಮಾನ ಪ್ರಯಾಣಿಕರ ಲೆಕ್ಕ. ವರ್ಷ ಹೋದಂತೆ ಏರಿಳಿತವೂ ಹಿಗ್ಗುವುದು ಕಣ್ಣಿಗೇ ಕಾಣುತ್ತದೆ, ಅದಕ್ಕೆ ಲಾಗ್ (ಲಾಗರಿದಮ್) ತಗೊಳ್ಳಿ. ನಂತರ ಲ್ಯಾಗ್ 12ರ ಡಿಫರೆನ್ಸ್ (ಹಿಂದಿನ ವರ್ಷದ ಅದೇ ತಿಂಗಳನ್ನು ಕಳೆಯುವುದು), ಮತ್ತೆ ಲ್ಯಾಗ್ 1ರದ್ದು. ಉಳಿಯುವುದು 131 ಅಂಕಿ. ಎಸಿಎಫ್‌ನಲ್ಲಿ 1 ಮತ್ತು 12ರ ಕಡ್ಡಿಗಳು ಎದ್ದು ಕಾಣುತ್ತವೆ, ಈ ಅಂಕಿಗಳಿಗೆ ಮಾಡೆಲ್ ಕಟ್ಟಿದ ಸಂಖ್ಯಾಶಾಸ್ತ್ರಜ್ಞರಾದ ಬಾಕ್ಸ್ ಮತ್ತು ಜೆಂಕಿನ್ಸ್ ಎರಡು ಎಂಎ ಪದ ಇಟ್ಟದ್ದು ಯಾಕೆಂದು ಹೊಳೆಯುತ್ತದೆ. ಆಕಸ್ಮಿಕವಾಗಿ ಬರುವ ಕಡ್ಡಿಗಳು ಸಾಮಾನ್ಯವಾಗಿ ದಾಟದ ಗಡಿಗೆರೆ 1.96/√131, ಅಂದರೆ 0.17. ಇಪ್ಪತ್ತರಲ್ಲಿ ಒಂದು ಕಡ್ಡಿ ಸುಮ್ಮನೆಯೂ ಗೆರೆ ದಾಟುತ್ತದೆ, ಅದಕ್ಕೊಂದು ಪದ ಸೇರಿಸಲು ಹೋಗಬೇಡಿ. ಮಾಡೆಲ್ ಪರೀಕ್ಷಿಸಲು ಕೊನೆಯ 12 ತಿಂಗಳನ್ನು ಬದಿಗಿಡಿ. ಅಲ್ಲೊಂದು ಇಲ್ಲೊಂದು ಹೆಕ್ಕಿದರೆ ನಾಳೆಯನ್ನು ನೋಡಿ ನಿನ್ನೆಯನ್ನು ಊಹಿಸಿದ ಹಾಗಾಗುತ್ತದೆ.

ಪ್ರಾಜೆಕ್ಟಿಗೆ ನಾನು ಕೆಆರ್‌ಎಸ್ ನೀರಿನ ಮಟ್ಟ ಹಿಡಿದೆ. ಗರಿಷ್ಠ 124.80 ಅಡಿ ಅನ್ನೋದು ಮಂಡ್ಯ ಕಡೆಯ ಮಕ್ಕಳಿಗೂ ಗೊತ್ತು. ದಿನಾ ಪೇಪರಿನಿಂದ ಬರೆದುಕೊಂಡು ಅರಿಮಾ (ಡಿಫರೆನ್ಸಿಂಗ್ ಜೊತೆ ಹಿಂದಿನ ಬೆಲೆ, ಆಘಾತಗಳನ್ನು ಬಳಸುವ ಮಾಡೆಲ್) ಕೂರಿಸಿ, ಊರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ‘ನಾಳೆನೂ ಇವತ್ತಿನಷ್ಟೇ ಇರ್ತದೆ ಬುಡು’ ಅಂದರು. ಅದೇ ನೈವ್ ಫೋರ್‌ಕಾಸ್ಟ್. ಹೋಲಿಸಿ ನೋಡಿದರೆ ಬೇಸಿಗೆಯ ದಿನಗಳಲ್ಲಿ ನನ್ನ ಮಾಡೆಲ್ಲಿನ ತಪ್ಪು ಅಪ್ಪನದಕ್ಕಿಂತ ಹೆಚ್ಚಿತ್ತು. ‘ಕೊಡಗಲ್ಲಿ ಮಳೆ ಹಿಡಕೊಂಡಾಗ ಮಾತ್ರ ಕೇಳಬ್ಯಾಡ’ ಅಂತಲೂ ಅಂದಿದ್ದರು. ಒಳಹರಿವಿನ ಅಂಕಿಯನ್ನು ಮಾಡೆಲ್ಲಿಗೆ ಸೇರಿಸಿದ್ದು ಆಮೇಲೆ.