ಮಂಡಿಗೇ ಕೊಟ್ಟುಬಿಡಿ ಡಾಕ್ಟ್ರೇ

ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುವ ಭಟ್ಟರು ನನ್ನ ಹಳೇ ರೋಗಿ. ರುಮಟಾಯ್ಡ್ ಸಂಧಿವಾತ. ಮೆಥೊಟ್ರೆಕ್ಸೇಟ್ ಮಾತ್ರೆಗೆ ಕೈಬೆರಳ ಬಾವೆಲ್ಲ ಇಳಿದಿತ್ತು. ಬಲಮಂಡಿ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಎರಡು ಸಲ ಸ್ಟೀರಾಯ್ಡ್ ಚುಚ್ಚಿದೆ. ಎರಡು ತಿಂಗಳಿಗೆ ಮತ್ತೆ ಊದಿತು. ಇನ್ನು ಎಟನರ್ಸೆಪ್ಟ್ ಎಂಬ ಬಯೋಲಾಜಿಕ್ (ಜೀವಕೋಶಗಳಿಂದ ತಯಾರಿಸುವ ಔಷಧ) ವಾರವಾರ ಚುಚ್ಚಿಕೊಳ್ಳಬೇಕಾಗುತ್ತದೆ ಎಂದೆ.

"ಆ ದೊಡ್ಡ ಇಂಜೆಕ್ಷನ್ ವಾರವಾರ ಕೊಳ್ಳೋಕೆ ಕೈಲಾಗಲ್ಲ. ಒಂದೇ ಸಲ ಮಂಡಿಗೇ ಕೊಟ್ಟುಬಿಡಿ ಡಾಕ್ಟ್ರೇ, ಆಗುತ್ತಲ್ವಾ?" ಎಂದರು.

ಸುಮ್ನೆ ಒಪ್ಪಿಕೊಳ್ಳುವ ಮಾತಲ್ಲ ಅದು. ಮೊದಲು ನೀರು ತೆಗೆದೆ. 45 ಮಿ.ಲೀ. ಬಂತು, ಮಸುಕು ಹಳದಿ. ಸಿರಿಂಜಿನ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲಾಗಲಿಲ್ಲ. ಒಳ್ಳೇ ಮಂಡಿಯ ನೀರು ಸೂಜಿ ತುದಿಯಿಂದ ಎಳೆ ಎಳೆಯಾಗಿ ಇಳಿಯುತ್ತದೆ, ಇದು ಹನಿ ಹನಿಯಾಗಿ ತೊಟ್ಟಿಕ್ಕಿತು. ಒಳಗೆ ಉರಿಯೂತ ಜೋರಾಗಿದೆ ಎಂದರ್ಥ.

ಮುಂಬೈಯಲ್ಲಿ ಒಂದೇ ಮಂಡಿ ಹೀಗೆ ಹಟ ಹಿಡಿದರೆ ನನಗೆ ಮೊದಲ ಭಯ ಟಿಬಿ. ಎಟನರ್ಸೆಪ್ಟ್‌ನಂಥ ಔಷಧಗಳು ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುತ್ತವೆ, ಹಾಗಾಗಿ ಮಲಗಿರುವ ಟಿಬಿಯನ್ನು ಎಬ್ಬಿಸಬಲ್ಲವು. ನೀರನ್ನು ಕಲ್ಚರ್‌ಗೆ ಕಳಿಸಿದೆ. ಎದೆಯ ಎಕ್ಸ್‌ರೇ, ಮಾಂಟೂ ಪರೀಕ್ಷೆ (ಟಿಬಿಗೆ ಚರ್ಮದ ಪರೀಕ್ಷೆ) ಮಾಡಿಸಿದೆ. ಟಿಬಿ ಕಲ್ಚರ್ ವರದಿಗೆ ವಾರಗಟ್ಟಲೆ ಕಾಯಬೇಕು. ಕಾದೆವು. ಏನೂ ಇರಲಿಲ್ಲ.

ಆಮೇಲೆ ಕೂರಿಸಿಕೊಂಡು ಹೇಳಿದೆ: ಎಟನರ್ಸೆಪ್ಟ್‌ಗೆ ಅನುಮತಿ ಇರುವುದು ಚರ್ಮದಡಿ ಕೊಡಲು, ಕೀಲಿಗಲ್ಲ. ಎಷ್ಟು ದಿನ ನಿಲ್ಲುತ್ತದೆಂದು ಭರವಸೆ ಕೊಡಲಾರೆ. ಅವರು ಒಪ್ಪಿ ಸಹಿ ಹಾಕಿದ ಮೇಲೆ ಅಲ್ಟ್ರಾಸೌಂಡ್ ನೋಡುತ್ತ 25 ಮಿ.ಗ್ರಾಂ. ಎಟನರ್ಸೆಪ್ಟ್ ಮಂಡಿಯೊಳಗೆ ಬಿಟ್ಟೆ.

ಹತ್ತೇ ದಿನದಲ್ಲಿ ಭಟ್ಟರು ಸ್ಟೇಷನ್ ಸೇತುವೆ ಹತ್ತಿ ಇಳಿದರು. ನನಗೂ ಖುಷಿಯಾಯಿತು. ಐದನೇ ವಾರ ಮಂಡಿ ಮತ್ತೆ ಊದಿತ್ತು.

ಕಾರಣ ಇದೆ. ಟ್ರಯಾಮ್ಸಿನೊಲೋನ್‌ನಂಥ ಸ್ಟೀರಾಯ್ಡ್ ಸಣ್ಣ ಕಣಗಳಾಗಿ ಕೀಲಿನಲ್ಲೇ ಕೂತು ನಿಧಾನ ಕರಗುತ್ತದೆ. ಬಯೋಲಾಜಿಕ್ ಔಷಧ ನೀರಲ್ಲಿ ಕರಗಿರುವಂಥದ್ದು, ಬೇಗ ರಕ್ತಕ್ಕೆ ಜಾರಿಹೋಗುತ್ತದೆ. ಮಂಡಿಗೆ ಇದೇ ಗುಂಪಿನ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟು ಸ್ಟೀರಾಯ್ಡ್ ಜೊತೆ ಹೋಲಿಸಿದ ಅಧ್ಯಯನದಲ್ಲೂ ಸ್ಟೀರಾಯ್ಡನ್ನು ಮೀರಿಸಲು ಆಗಲಿಲ್ಲ. ಅದಕ್ಕೇ ಈಗ ನಾನಾಗಿ ಇದನ್ನು ಯಾರಿಗೂ ಸೂಚಿಸುವುದಿಲ್ಲ. ನೀರು ಪೂರ್ತಿ ತೆಗೆದು, ಸ್ಟೀರಾಯ್ಡನ್ನು ಸರಿಯಾದ ಜಾಗಕ್ಕೆ ಬಿಟ್ಟು, ಎರಡು ದಿನ ಕಾಲಿಗೆ ಬಿಡುವು ಕೊಟ್ಟರೆ ಜಾಸ್ತಿ ಉಪಯೋಗ.

ಭಟ್ಟರಿಗೆ ಕೊನೆಗೆ ಅದೇ ಗುಂಪಿನ ಅಡಾಲಿಮ್ಯಾಬ್ ಶುರುಮಾಡಿದೆ. 2014ರ ಕೊನೆಯಿಂದ ನಮ್ಮ ದೇಶದಲ್ಲೇ ತಯಾರಾದ ಬಯೋಸಿಮಿಲರ್ (ಮೂಲ ಔಷಧವನ್ನೇ ಹೋಲುವ ಇನ್ನೊಂದು ಕಂಪನಿಯ ಔಷಧ) ಸಿಗುತ್ತಿದೆ, ಬೆಲೆ ಕಡಿಮೆ. ಎರಡು ವಾರಕ್ಕೊಮ್ಮೆ 40 ಮಿ.ಗ್ರಾಂ., ಹೊಟ್ಟೆಯ ಚರ್ಮದಡಿ ತಾವೇ ಚುಚ್ಚಿಕೊಳ್ಳುತ್ತಾರೆ. ಹೋಟೆಲಿನ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಾತ್ರೆ ಪಕ್ಕ ಒಂದು ಸ್ಟೀಲ್ ಡಬ್ಬಿ ಇದೆ. ಅದನ್ನು ಯಾರೂ ಫ್ರೀಜರ್‌ಗೆ ಹಾಕಬಾರದೆಂದು ಹುಡುಗರಿಗೆಲ್ಲ ಹೇಳಿಟ್ಟಿದ್ದಾರೆ.